ಗುರುಲಿಂಗವ್ವನ ಮುಷ್ಟಿ ಗಡಿಗೆ

ಬಾಗಲಕೋಟೆಯ ಹಳೇಪೇಟೆಯಲ್ಲಿ ಗುರುಲಿಂಗವ್ವನ ಮನೆ ಎಲ್ಲಿ ಎಂದು ಯಾರಾದರೂ ಕೇಳಿದರೆ, "ಆ ಗಡಿಗಿ ಮುದಕಿ ಮನಿ ಏನು?" ಎಂದು ಮಂದಿ ತಿರುಗಿ ಕೇಳುತ್ತಿದ್ದರು. ಅಡುಗೆಮನೆಯ ಮೂಲೆಯಲ್ಲಿ, ಒಲೆಯಿಂದ ಮಾರು ದೂರದಲ್ಲಿ, ಸಿಂಬಿಯ ಮೇಲೆ ಕೂತಿದ್ದ ಆ ಮಣ್ಣಿನ ಗಡಿಗೆಯೇ ಮನೆಯ ಯಜಮಾನ. ಹೊಟ್ಟೆಗೆ ಮೂರು ಬೆರಳ ವಿಭೂತಿ, ಬಾಯಿಗೆ ಅಂಚು ಒಡೆದ ಮಣ್ಣಿನ ಮುಚ್ಚಳ. ದಿನಾ ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲು ಮನೆಯ ಹೆಣ್ಣುಮಗಳು ಅದರೊಳಗೆ ಒಂದು ಹಿಡಿ ಜೋಳ ಹಾಕಬೇಕು. ಸೋಮವಾರ ಮಠದ ಸಂಗಯ್ಯನವರು ಜೋಳಿಗೆ ಹಿಡಿದು ಬಂದಾಗ ಅಷ್ಟನ್ನೂ ಸುರುವಿಕೊಡಬೇಕು. ಮಠಕ್ಕೆ ಹೋಗಿಬರುವವರಿಗೆ, ಹಸಿದವರಿಗೆ ಅದರಿಂದ ದಾಸೋಹ. ಇದಕ್ಕೆ ಮುಷ್ಟಿ ಅನ್ನುತ್ತಾರೆ. ಪೇಟೆಯ ಅರ್ಧ ಮನೆಗಳಲ್ಲಿ ಇಂಥ ಗಡಿಗೆ ಇತ್ತು. ಬೇರೆಯವರು ಒಂದು ದಿನ ಮರೆತರೆ ಮರುದಿನ ಎರಡು ಹಿಡಿ ಹಾಕಿ ಸುಮ್ಮನಾಗುತ್ತಿದ್ದರು; ನೆಂಟರು ಬಂದು ಜೋಳ ಕಡಿಮೆ ಬಿದ್ದರೆ ಅದರಿಂದಲೇ ಒಂದು ಬೊಗಸೆ ತೆಗೆದು ಆಮೇಲೆ ತುಂಬಿಸುತ್ತಿದ್ದರು. ಗುರುಲಿಂಗವ್ವನ ಮನೆಯಲ್ಲಿ ಹಾಗಲ್ಲ. ಆ ಗಡಿಗೆಯೊಳಗೆ ತುಂಬಿ ಹೋದ ಕೈ ಬರಿದಾಗಿಯೇ ಬರಬೇಕು, ಅಷ್ಟೇ.

ಆಕೆ ಇಳಕಲ್ಲಿನ ನೇಯುವ ಮನೆಯ ಮಗಳು. ಬಾಗಲಕೋಟೆಯ ಅರಳೆ ಗಿರಣಿಯಲ್ಲಿ ಹೊರೆ ಹೊರುತ್ತಿದ್ದ ಗಂಡ, ಮಗ ಅಮಾತೆಪ್ಪನಿಗೆ ಮೀಸೆ ಮೂಡುವ ಹೊತ್ತಿಗೆ ತೀರಿಕೊಂಡ. ಅವತ್ತಿನಿಂದ ಆಕೆ ಯಾರ ಬಾಗಿಲಲ್ಲೂ ಕೈಚಾಚಿ ನಿಂತವಳಲ್ಲ. ತವರಿನಿಂದ ಸೀರೆ ತಂದು ಸೆರಗಿಗೆ ಗೊಂಡೆ ಕಟ್ಟಿದಳು, ಮಂದಿಯ ಮನೆಗೆ ಶಾವಿಗೆ ಹೊಸೆದುಕೊಟ್ಟಳು, ಬೀಸಿದಳು, ಕುಟ್ಟಿದಳು. ದುಡಿದದ್ದು ತನ್ನದು, ದುಡಿಯದೆ ಬಂದದ್ದು ಮಂದಿಯದು ಎಂಬುದು ಆಕೆಯ ಮಾತು. ಸೊಕ್ಕು ಅಂದರೆ ಸೊಕ್ಕೇ. ಉಳ್ಳವರು ಮಾಡಿದರೆ ಸೊಕ್ಕು ಅನ್ನುವ ಮಂದಿ, ಇಲ್ಲದವರು ಮಾಡಿದರೆ ದೇವರಂಥ ಹೆಣ್ಣುಮಗಳು ಅನ್ನುತ್ತಾರೆ. ಗುರುಲಿಂಗವ್ವನಿಗೆ ಹಾಗೆ ಅನ್ನಿಸಿಕೊಳ್ಳುವುದು ಹಿತವಾಗಿಯೇ ಇತ್ತು.

ಎಪ್ಪತ್ನಾಲ್ಕರಲ್ಲಿ ಗಿರಣಿಗೆ ಕೀಲಿ ಬಿತ್ತು. ಮಾಲಕರಿಗೂ ಕೂಲಿಯವರಿಗೂ ಏನೋ ಹಟ ಹತ್ತಿ, ಬೇಸಿಗೆ ಕಳೆದು ಮಳೆಗಾಲ ಬಂದರೂ ಬಾಗಿಲು ತೆರೆಯಲಿಲ್ಲ. ಅಷ್ಟೊತ್ತಿಗೆ ಅಮಾತೆಪ್ಪ ಅಪ್ಪನ ಜಾಗದಲ್ಲಿ ಗಿರಣಿ ಸೇರಿದ್ದ, ಹುನಗುಂದದ ನೀಲಾಬಾಯಿಯನ್ನು ಮದುವೆಯಾಗಿದ್ದ. ಅವರಿಗೆ ಸಂಗವ್ವ ಎಂಬ ಎರಡು ವರ್ಷದ ಮಗಳಿದ್ದಳು. ಸಂಗವ್ವ ಎಂಬುದು ಗುರುಲಿಂಗವ್ವನ ಅತ್ತೆಯ ಹೆಸರು. ಅತ್ತೆಯ ಹೆಸರು ಹಿಡಿದು ಗದರುವುದು ಹೇಗೆ? ಅದಕ್ಕೇ ಮೊಮ್ಮಗಳನ್ನು ಸಂಗಿ ಎಂದು ಕರೆಯುತ್ತಿದ್ದಳು. ಕೂಸು ಅಜ್ಜಿಯ ಸೆರಗು ಬಿಡುತ್ತಿರಲಿಲ್ಲ. ಬೆಳಿಗ್ಗೆ ಮುಷ್ಟಿ ಹಾಕುವಾಗ ತಾನೂ ನಾಲ್ಕು ಕಾಳು ಹಿಡಿದು ಗಡಿಗೆಯೊಳಗೆ ಬಿಡಬೇಕು, ಬಿಡಗೊಡದಿದ್ದರೆ ಮನೆಯೆಲ್ಲ ರಂಪ.

ಕೆಲಸವಿಲ್ಲದ ಅಮಾತೆಪ್ಪ ಕಲಾದಗಿ ಕಡೆ ತೋಟದ ಕೂಲಿಗೆ ಹೋಗಿದ್ದಾಗ ಕೂಸಿಗೆ ವಾಂತಿಭೇದಿ ಹತ್ತಿತು. ಮುನಸಿಪಾಲಿಟಿಯ ನರ್ಸಬಾಯಿ ಬಂದು ನೋಡಿ ಪುಡಿ ಕೊಟ್ಟು, "ತೆಳ್ಳಗ ಅಂಬಲಿ ಮಾಡ್ರಿ, ಉಪ್ಪ ಹಾಕಿ ಚಮಚದಲೆ ಕುಡಸ್ತಾ ಇರ್ರಿ. ಖಾಲಿ ಹೊಟ್ಟಿ ಬಿಡಬ್ಯಾಡ್ರಿ" ಎಂದು ಹೇಳಿ ಹೋದಳು. ಅಂಬಲಿಗೆ ಜೋಳ ಬೇಕಲ್ಲ. ಮನೆಯ ಜೋಳದ ಡಬ್ಬಿ ಹಿಂದಿನ ದಿನವೇ ಬರಿದಾಗಿತ್ತು. ಮುಷ್ಟಿ ಗಡಿಗೆಯಲ್ಲಿ ಮಾತ್ರ ವಾರದ ಜೋಳ ಇತ್ತು. ಅಂಥ ದಿನಗಳಲ್ಲೂ ಗುರುಲಿಂಗವ್ವ ಒಂದು ಹಿಡಿ ತಪ್ಪಿಸಿರಲಿಲ್ಲ. ಅವತ್ತು ಸೋಮವಾರ.

"ಅತ್ತಿ, ಗಡಿಗ್ಯಾಂದ ಒಂದ ಹಿಡಿ ತಗೋಳ್ಳೇನ್ರಿ? ನಾಳಿ ಹಾಕಿದ್ರಾತು" ಎಂದಳು ನೀಲಾಬಾಯಿ.

"ಕೊಟ್ಟದ್ದಕ್ಕ ಕೈ ಹಾಕಬ್ಯಾಡ. ಕೂಸಿನ ಜಡ್ಡಿನಾಗ ಅಂಥಾ ಪಾಪ ಬ್ಯಾಡ. ನೀ ಎಸರಿಡು, ನಾ ಎಲ್ಲ್ಯಾರ ತರ್ತೇನಿ."

ಅಷ್ಟರಲ್ಲಿ ಬಾಗಿಲಲ್ಲಿ ಸಂಗಯ್ಯನವರು ಕಾಲಿಗೆ ಕಟ್ಟಿದ ಜಂಗಿನ ಗೆಜ್ಜೆ ಸದ್ದಾಯಿತು. ಗುರುಲಿಂಗವ್ವ ಗಡಿಗೆಯನ್ನು ಎತ್ತಿ ತಂದು ಜೋಳಿಗೆಗೆ ಸುರುವಿದಳು. "ಕೂಸೆಲ್ಲೆವ್ವ, ಕಾಣವಲ್ದು?" ಎಂದು ಅಯ್ಯನವರು ಕೇಳಿದರು. "ಮಲಗೇತ್ರಿ" ಎಂದಳು. ಆಮೇಲೆ ಸೆರಗು ಬಿಗಿದುಕೊಂಡು ಹೊರಬಿದ್ದಳು. ಎದುರಿನ ಹುಲ್ಲಪ್ಪಜ್ಜನ ಮನೆಯಲ್ಲಿ ಜೋಳವಿಲ್ಲ, ಅದರಾಚೆಯ ಮನೆಯಲ್ಲಿಲ್ಲ. ಓಣಿಯೆಲ್ಲ ಗಿರಣಿಯವರದೇ, ಎಲ್ಲರ ಡಬ್ಬಿಯೂ ಒಂದೇ. ಅಲ್ಲಿಂದ ವೆಂಕಟಪೇಟೆಗೆ ಹೋಗಿ, ಶಾವಿಗೆ ಹೊಸೆದುಕೊಡುತ್ತಿದ್ದ ಮನೆಯೊಂದರಲ್ಲಿ ಎರಡು ಬುಟ್ಟಿ ಜೋಳ ಹಸನು ಮಾಡಿಕೊಟ್ಟು, ಅದಕ್ಕೆ ಬಂದ ಜೋಳವನ್ನು ಉಡಿಯಲ್ಲಿ ಕಟ್ಟಿಕೊಂಡು ಬಂದಳು. ಕೈಗಡ ಕೇಳಿದ್ದರೆ ಆಗಲೇ ಕೊಡುತ್ತಿದ್ದರು. ಕೇಳಲು ಆಕೆಗೆ ಬಾಯಿ ಬರಲಿಲ್ಲ. ಬಂದಾಗ ಒಲೆಯ ಮೇಲೆ ಎಸರು ಮರಳುತ್ತಿತ್ತು. ನೀಲಾಬಾಯಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಗೋಡೆಗೆ ಆತು ಕೂತಿದ್ದಳು. ಕೂಸಿನ ಜೀವ ಹೋಗಿ ಸ್ವಲ್ಪ ಹೊತ್ತಾಗಿತ್ತು.

ಒಂದು ಹಿಡಿ ಜೋಳದಿಂದ ಸಂಗಿ ಉಳಿಯುತ್ತಿದ್ದಳೋ ಇಲ್ಲವೋ ಯಾರಿಗೆ ಗೊತ್ತು. ಉಳಿಯುತ್ತಿರಲಿಲ್ಲ, ಆಯುಷ್ಯ ಅಷ್ಟೇ ಇತ್ತು ಎಂದು ಓಣಿಯವರೆಲ್ಲ ಹೇಳಿದರು. ಅಮಾತೆಪ್ಪನೂ ಹೇಳಿದ. ಹಾಗೆ ಹೇಳದೆ ಉಳಿದವಳು ನೀಲಾಬಾಯಿ ಒಬ್ಬಳೇ. ಆಕೆ ಅತ್ತೆಗೆ ಒಂದು ಬಿರುಸು ಮಾತಾಡಲಿಲ್ಲ, ಆದರೆ ಅವತ್ತಿನಿಂದ ಗಡಿಗೆಯನ್ನು ಮುಟ್ಟಲಿಲ್ಲ. ಕಸ ಗುಡಿಸುವಾಗ ಅದರ ಸುತ್ತ ಗುಡಿಸುತ್ತಿದ್ದಳು, ಸಾರಿಸುವಾಗ ಅದರ ಸುತ್ತ ಸಾರಿಸುತ್ತಿದ್ದಳು. ಮುಷ್ಟಿ ಹಾಕುವವಳು ಗುರುಲಿಂಗವ್ವ ಒಬ್ಬಳೇ ಆದಳು. ಮುಂದೆ ನೀಲಾಬಾಯಿಗೆ ಇಬ್ಬರು ಗಂಡುಮಕ್ಕಳಾದರು, ಗಿರಣಿಯೂ ನಡೆಯಿತು. ಅತ್ತೆ-ಸೊಸೆ ಒಂದೇ ಒಲೆಯ ಮುಂದೆ ರೊಟ್ಟಿ ತಟ್ಟಿಕೊಂಡು, ನಕ್ಕುಕೊಂಡೂ ಇದ್ದರು. ಸಂಗಿಯ ಮಾತು ಮಾತ್ರ ಆ ಮನೆಯಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಗಡಿಗೆಯ ನೇಮ ಖರೆ ಎಂದು ನಂಬಿಕೊಂಡರೆ ಮಾತ್ರ ಗುರುಲಿಂಗವ್ವನಿಗೆ ಬೆಳಿಗ್ಗೆ ಏಳಲು ಆಗುತ್ತಿತ್ತು. ಆದ್ದರಿಂದ ಮೊದಲಿಗಿಂತ ಬಿಗಿಯಾಗಿ ನಂಬಿದಳು.

ಗಿರಣಿಯವರಿಗೆ ಸರಕಾರದ ವಿಮೆ ಬಂದದ್ದು ಇದಾದ ಐದಾರು ವರ್ಷಕ್ಕೆ. ಪೇಟೆಯ ಆಚೆ ಬಾಡಿಗೆ ಕಟ್ಟಡದಲ್ಲಿ ಈ.ಎಸ್.ಐ. ದವಾಖಾನೆ ತೆರೆಯಿತು. ಕೂಲಿಯವನ ಪಗಾರದಲ್ಲಿ ಚೂರು ಹಿಡಿಯುತ್ತಾರೆ, ಮಾಲಕರೂ ಹಾಕುತ್ತಾರೆ, ಕೂಲಿಯವನಿಗೂ ಅವನ ಹೆಂಡತಿ, ಮಕ್ಕಳು, ಅವನನ್ನೇ ನೆಚ್ಚಿಕೊಂಡ ತಾಯಿತಂದೆಗೂ ಔಷಧ ಪುಕ್ಕಟೆ. ಮಾತು ಇಷ್ಟೇ. ಆದರೆ ಓಣಿಯ ಹಿರಿಯರ ತಲೆಯಲ್ಲಿ ಅದು ಒಂದೊಂದು ರೂಪ ತಾಳಿತು. ಬಳಸಿದವರ ಹೆಸರು ಮಾಲಕರಿಗೆ ಹೋಗುತ್ತದೆ, ಜಡ್ಡಿನ ಮನೆ ಎಂದು ಮಗನನ್ನು ತೆಗೆದುಹಾಕುತ್ತಾರೆ ಎಂದು ಒಬ್ಬರು. ವಿಮೆ ಅಂದರೆ ಸತ್ತ ಮೇಲೆ ಬರುವುದು, ಬದುಕಿರುವಾಗ ಮುಟ್ಟಿದರೆ ಅಪಶಕುನ ಎಂದು ಇನ್ನೊಬ್ಬರು. ಹುಲ್ಲಪ್ಪಜ್ಜನಂತೂ ಮೊಣಕಾಲಿಗೂ ಕಿವಿಗೂ ಒಂದೇ ಕೆಂಪು ನೀರು ಕೊಟ್ಟರೆಂದು ಬಾಟಲಿ ಎತ್ತಿ ತೋರಿಸಿ, "ಒಂದ ಪೀಪಾಯಿ, ಒಂದ ನಳ. ನನಗೂ ಅದ, ನನ್ನ ಎಮ್ಮಿಗೂ ಅದ" ಎಂದು ಕಟ್ಟೆಯ ಮೇಲೆ ಕೂತು ಎಲ್ಲರನ್ನೂ ನಗಿಸುತ್ತಿದ್ದ. ಹೀಗೆ ನಕ್ಕವರಲ್ಲಿ ಎಷ್ಟು ಮಂದಿ ಆಮೇಲೆ ಎದೆ ಹಿಡಿದುಕೊಂಡು ಮನೆಯಲ್ಲೇ ಮಲಗಿದರೋ.

ಅಮಾತೆಪ್ಪನಿಗೆ ಮಾತ್ರ ವಿಮೆ ಅಂದರೆ ಹಿಗ್ಗು. ಕಾರ್ಡು ಕೈಗೆ ಬಂದ ದಿನ ಊಟಕ್ಕೆ ಕೂತಾಗ ಅವ್ವನಿಗೆ ತೋರಿಸಿದ.

"ಯವ್ವಾ, ನಿನ್ನ ಹೆಸರೂ ಬರಸೇನಿ. ಇನ್ನ ನಿನಗ ಏನಾದ್ರೂ ಆತಂದ್ರ ನೆಟ್ಟಗ ಹೋಗಿ ತೋರಿಸ್ಕೊಂಡ ಬರೂದು. ಹುಬ್ಬಳ್ಳಿ ದೊಡ್ಡ ದವಾಖಾನಿತನಕಾ ಅವ್ರ ಕಳಸ್ತಾರ."

"ಪುಕ್ಕಟೆ ಯಾರ ಕೊಡ್ತಾರೋ?"

ಅವನಿಗೆ ಅವ್ವನ ಸ್ವಭಾವ ಗೊತ್ತಿತ್ತು. ಸರಕಾರದ ಧರ್ಮ ಅಂದರೆ ಒಲ್ಲೆ ಅಂದಾಳು ಎಂದು, ಆಕೆಗೆ ತಿಳಿಯುವ ಹಾಗೆ ಹೇಳಲು ಹೊರಟ. "ಪುಕ್ಕಟೆ ಅಲ್ಲಬೇ. ನೀ ಗಡಿಗ್ಯಾಗ ಮುಷ್ಟಿ ಹಾಕ್ತೀಯಲ್ಲ, ಥೇಟ ಹಂಗ. ಎಲ್ಲಾರ ಪಗಾರದಾಗ ಒಂದೊಂದ ಹಿಡಿ ತಗದ ಇಡ್ತಾರ. ಯಾರಿಗೆ ಜಡ್ಡ ಬರ್ತೇತಿ, ಅವ್ರಿಗೆ ಅದರಾಗಿಂದ ಕೊಡ್ತಾರ."

ಗುರುಲಿಂಗವ್ವನ ಮುಖ ಅರಳಿತು. "ಛಲೋ ಮಾಡಿದಿ ನೋಡು. ಗಿರಣ್ಯಾಗ ನಮಗಿಂತಾ ಬಡವ್ರು ಎಷ್ಟ ಮಂದಿ ಇಲ್ಲ. ಕೊಡಬೇಕ" ಎಂದಳು. ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದ ನೀಲಾಬಾಯಿಯ ಕೈ ಒಂದು ಗಳಿಗೆ ನಿಂತಿತು. ತಾಯಿಗೆ ಎಷ್ಟು ಚೆನ್ನಾಗಿ ತಿಳಿಸಿದೆ ಎಂದು ಅಮಾತೆಪ್ಪ ಖುಷಿಯಾಗಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡ. ಅವನೇ ಆ ಕಾರ್ಡನ್ನು ತಾಯಿಯ ಪಾಲಿಗೆ ಮುಚ್ಚಿಬಿಟ್ಟಿದ್ದ, ಪಾಪ, ಅವನಿಗೆ ತಿಳಿಯಲಿಲ್ಲ. ಕೊಟ್ಟ ಮುಷ್ಟಿಯನ್ನು ತಿರುಗಿ ತೆಗೆಯುವ ಮಾತು ಆ ಮನೆಯಲ್ಲಿ ಇರಲಿಲ್ಲ. ಮರುದಿನದಿಂದ ಗುರುಲಿಂಗವ್ವ, "ನನ್ನ ಮಗ ಗಿರಣ್ಯಾಗೂ ಮುಷ್ಟಿ ಹಾಕ್ತಾನ" ಎಂದು ಓಣಿಯಲ್ಲಿ ಹೇಳಿಕೊಂಡು ತಿರುಗಿದಳು.

ಎಂಬತ್ತೆರಡರ ಶಿವರಾತ್ರಿಯ ಉಪವಾಸದ ದಿನ ಆಕೆಗೆ ರಕ್ತ ಕಂಡಿತು. ಮುಟ್ಟು ನಿಂತು ಎಷ್ಟೋ ವರ್ಷವಾಗಿತ್ತು. ಮೊದಲು ಉಷ್ಣ ಎಂದುಕೊಂಡಳು, ಕೊತ್ತಂಬರಿ ಬೀಜದ ನೀರು ಕುಡಿದಳು, ನಿಂತಿತು. ಯುಗಾದಿಗೆ ಮತ್ತೆ ಬಂತು. ಹಳೆಯ ಸೀರೆ ಹರಿದು ಮಡಿಚಿಟ್ಟುಕೊಂಡು, ಎಲ್ಲರೂ ಏಳುವ ಮೊದಲೇ ಹಿತ್ತಲಲ್ಲಿ ತೊಳೆದು, ಕಟ್ಟಿಗೆಯ ಒಟ್ಟಿಲಿನ ಹಿಂದೆ ಒಣಗಹಾಕುತ್ತಿದ್ದಳು. ಮಳೆಗಾಲಕ್ಕೆ ಸೊಂಟ ಹಿಡಿಯತೊಡಗಿತು, ರೊಟ್ಟಿ ಸೇರದಾಯಿತು. ಹೆದರಿಕೆ ಆಕೆಗೂ ಇತ್ತು. ಲಿಂಗಪೂಜೆಗೆ ಕೂತಾಗ ಅಂಗೈ ಮೇಲಿನ ಲಿಂಗವನ್ನು ನೋಡುತ್ತ, ಇದು ಏನು ಎಂದು ಕೇಳಿಕೊಳ್ಳುತ್ತಿದ್ದಳು. ದವಾಖಾನೆ ನೆನಪಾಗಲಿಲ್ಲ ಎಂದಲ್ಲ. ಒಮ್ಮೆ ಅದರ ಬಾಗಿಲತನಕ ಹೋಗಿ ಬಂದಳು ಕೂಡ. ಕಟ್ಟೆಯ ಮೇಲೆ ಗಿರಣಿಯವನ ಹೆಂಡತಿಯೊಬ್ಬಳು ಬಿಸಿಮೈಯ ಕೂಸನ್ನು ಎತ್ತಿಕೊಂಡು ಕೂತಿದ್ದಳು. ಕೂಸಿಗೆ ಎರಡು ವರ್ಷವಿದ್ದೀತು. ಇಂಥವರ ಪಾಲಿನದು ನಾನು ತಗೊಳ್ಳುವುದೇ ಎಂದು ತಿರುಗಿ ಮನೆಗೆ ಬಂದಳು.

ದಸರೆ ಕಳೆದ ಮೇಲೆ ನೀಲಾಬಾಯಿ ಕಟ್ಟಿಗೆ ತೆಗೆಯಲು ಹೋಗಿ ಆ ಬಟ್ಟೆ ಕಂಡಳು. ಕೈಯಲ್ಲಿ ಹಿಡಿದುಕೊಂಡೇ ಒಳಗೆ ಬಂದು ಅತ್ತೆಯ ಮುಂದೆ ಕೂತಳು.

"ಎಷ್ಟ ದಿನ ಆತ್ರಿ ಇದು?"

"ಶಿವರಾತ್ರಿಯಿಂದ. ಅಮಾತೆಪ್ಪಗ ಹೇಳಬ್ಯಾಡ, ಗಂಡುಮಗ."

ನೀಲಾಬಾಯಿ ಹೇಳಿದಳು. ಹೇಳದೆ ಇರುವುದು ಸಾಧ್ಯವೇ? ಅಮಾತೆಪ್ಪ ಕೆಲಸ ಬಿಟ್ಟು ಬಂದು ಅವ್ವನ ಕಾಲಬುಡದಲ್ಲಿ ಕೂತು ಬೇಡಿಕೊಂಡ, ಸಿಟ್ಟು ಮಾಡಿದ, ಕಡೆಗೆ ಅತ್ತ. ಆಕೆ ಒಂದೇ ಮಾತು ಹಿಡಿದಳು, "ಮುಷ್ಟಿ ಅಂತ ನೀನ ಹೇಳಿದೆಪ್ಪ. ಮುಷ್ಟಿ ತಿರುಗಿ ತಗೋಬಾರದು." ಮುಷ್ಟಿ ಅಲ್ಲ ಅದು, ಹಾಗೆ ಸುಮ್ಮನೆ ಹೋಲಿಸಿ ಹೇಳಿದೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಮೊದಲು ಆಡಿದ ಮಾತು ತಲೆಗೆ ಹೋಗಿ ಕೂತಿತ್ತು. ಬೇರೆ ಡಾಕ್ಟರ ಹತ್ತಿರ ತೋರಿಸೋಣವೆಂದರೆ ಅದಕ್ಕೆ ಹೆಂಡತಿಯ ಕಿವಿಯ ಬೆಂಡೋಲೆ ಮಾರಬೇಕು. ಸೊಸೆಯ ಮೈಮೇಲಿನದು ನನಗೆ ಬೇಡ ಎಂದಳು. ಹೀಗೆ ಎಲ್ಲ ದಾರಿಯನ್ನೂ ತಾನೇ ಕಟ್ಟಿಕೊಂಡು, ಸಾಯುವುದಾದರೆ ಸಾಯುತ್ತೇನೆ ಎಂದು ಗೋಡೆಯ ಕಡೆ ಮುಖ ಮಾಡಿ ಮಲಗುವ ಮುದುಕಿಗೆ ಯಾರು ಏನು ಮಾಡಬೇಕು?

ಅಮಾತೆಪ್ಪ ಮಠಕ್ಕೆ ಹೋಗಿ ಸಂಗಯ್ಯನವರ ಕಾಲು ಹಿಡಿದ. ಸೋಮವಾರ ಅವರು ಜೋಳಿಗೆಯನ್ನು ಮಡಿಚಿ ಬಗಲಲ್ಲಿಟ್ಟುಕೊಂಡು ಬಂದು ಪಡಸಾಲೆಯಲ್ಲಿ ಕೂತರು. ಅವರಿಗೂ ವಯಸ್ಸಾಗಿತ್ತು, ದಮ್ಮು ಹತ್ತುತ್ತಿತ್ತು.

"ಯವ್ವಾ, ದಾಸೋಹದ ಪಂಕ್ತ್ಯಾಗ ಕೊಟ್ಟಾವ ಯಾವ, ಉಣ್ಣಾವ ಯಾವ ಅಂತ ಕೇಳೂದಿಲ್ಲ. ಮುಷ್ಟಿ ಹಾಕಿದ ಮನ್ಯಾವ್ರು ಹಸದ್ರ ಅವ್ರೂ ಬಂದ ಕುಂದ್ರಬೇಕು. ಹಸದಾಗ ತಗೊಳ್ಳಾಕಂತನ ಅದು. ನಿನ್ನ ಮಗ ಹೇಳೂ ದವಾಖಾನೀನೂ ಹಂಗಂತ ತಿಳಕೊಂಡ ಹೋಗಿ ಬಾ."

ಗುರುಲಿಂಗವ್ವ ಅವರ ಕಡೆ ತಿರುಗಿದಳು. "ಗಿರಣಿಗೆ ಕೀಲಿ ಬಿದ್ದ ವರ್ಷನೂ ಹಂಗ ಇತ್ತೇನ್ರಿ ಅಯ್ನೋರ?"

"ಯಾವಾಗ್ಲೂ ಹಂಗ ಐತಿ."

"ಮತ್ತ ಅವತ್ತ ನೀವು ಹೇಳಲಿಲ್ಲ."

"ನೀ ಕೇಳಲಿಲ್ಲವ್ವ. ಕೂಸ ಎಲ್ಲಿ ಅಂದ್ರ ಮಲಗೇತಿ ಅಂದಿ. ನಾ ಜೋಳಿಗಿ ಹಿಡದೆ" ಎಂದರು ಸಂಗಯ್ಯನವರು. ಬಗಲಿನ ಜೋಳಿಗೆಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಹೇಳಿದ್ರ ಆ ಜೋಳಿಗೀನ ನಿನ್ನ ಒಲಿ ಮುಂದ ಸುರುವಿ ಹೋಗ್ತಿದ್ದೆ."

ಆಕೆ ಎದ್ದು ಒಳಗೆ ಹೋದಳು. ಈಗಲಾದರೂ ಹಟ ಮುರಿದು ದವಾಖಾನೆಗೆ ನಡೆಯುತ್ತಾಳೆ ಎಂದು ಹೊರಗೆ ಕೂತ ಅಯ್ಯನವರೂ ಅಮಾತೆಪ್ಪನೂ ಕಾದರು. ಆದದ್ದು ತಿರುಗಾ-ಮುರುಗಾ. ನೇಮವಿದೆ ಎಂದು ಹೋಗದವಳು, ಈಗ ನೇಮವೇ ಇರಲಿಲ್ಲ ಎಂದು ತಿಳಿದ ಮೇಲೆ ಇನ್ನೂ ಹೋಗದಾದಳು. ಗಡಿಗೆಯ ಬಾಯಿ ಎಲ್ಲರಿಗೂ ತೆರೆದೇ ಇತ್ತು, ಮುಚ್ಚಿಟ್ಟವಳು ತಾನು. ಸಂಗಿಗೆ ಮುಚ್ಚಿಟ್ಟದ್ದನ್ನು ತನಗೆ ತೆರೆದುಕೊಳ್ಳುವ ಮುಖ ಎಲ್ಲಿಂದ ತರಲಿ ಎಂದು ಒಳಗೊಳಗೇ ಬೆಂದಳು. ಮುಂದಿನ ವಾರಗಳಲ್ಲಿ ಯಾರು ಏನು ಹೇಳಿದರೂ ಹೂಂ ಅನ್ನುತ್ತಿದ್ದಳು, ಏಳುತ್ತಿರಲಿಲ್ಲ. ಮುಷ್ಟಿಯನ್ನು ಮಾತ್ರ ಗೋಡೆ ಹಿಡಿದುಕೊಂಡು ಹೋಗಿ ಹಾಕಿ ಬರುತ್ತಿದ್ದಳು.

ಕಾರ್ತಿಕದ ಕೊನೆಗೆ ಒಂದು ಬೆಳಿಗ್ಗೆ ಹಿತ್ತಲಲ್ಲಿ ಬಿದ್ದಳು. ಬಚ್ಚಲ ಕಲ್ಲೆಲ್ಲ ಕೆಂಪು. ನೀಲಾಬಾಯಿ ಎತ್ತಿ ಕೂರಿಸಿ, ಮೈ ತೊಳೆದು, ಸೀರೆ ಬದಲಿಸಿದಳು. ಸೆರಗು ಹೊದಿಸುವಾಗ ಗುರುಲಿಂಗವ್ವ ಸೊಸೆಯ ಕೈ ಹಿಡಿದುಕೊಂಡಳು.

"ಎರಡ ವರ್ಷದ ಕೂಸಿಗೆ ತಗೀಲಿಲ್ಲ ನಾ. ಈ ಮುದಕಿಗೆ ತಗೀಬೇಕನ ನೀಲಾ?"

ಎಂಟು ವರ್ಷದಿಂದ ನೀಲಾಬಾಯಿ ಈ ಮಾತಿಗೆ ಕಾದಿದ್ದಳು. ಬಂದರೆ ಏನೇನೋ ಅನ್ನಬೇಕೆಂದು ರೊಟ್ಟಿ ತಟ್ಟುವಾಗ, ನೀರು ಸೇದುವಾಗ ನೂರು ಸಲ ಕೂಡಿಸಿಟ್ಟುಕೊಂಡಿದ್ದಳು. ಈಗ ಎದುರಿಗೆ ಮೂಳೆಯ ಹಂದರವಾಗಿ ಕೂತ ಮುದುಕಿಯನ್ನು ನೋಡಿ ಅದರಲ್ಲಿ ಅರ್ಧವೂ ಬಾಯಿಗೆ ಬರಲಿಲ್ಲ. "ಆಕಿಗೂ ತಗೀಬೇಕಿತ್ರಿ. ನಿಮಗೂ ತಗೀಬೇಕು. ಒಂದ ಹೆಣಾ ಸಾಕಾಗಲಿಲ್ಲೇನ್ರಿ ಆ ಗಡಿಗಿಗೆ?" ಎಂದಳು. ಅಷ್ಟು ಹೇಳಿ ಅತ್ತೆಯ ತಲೆಯನ್ನು ಎದೆಗೆ ಒತ್ತಿಕೊಂಡು ಅತ್ತಳು. ಗುರುಲಿಂಗವ್ವ ಅಳಲಿಲ್ಲ. ಅವತ್ತೇ ಟಾಂಗಾ ತರಿಸಿ, ಸೊಸೆಯ ಹೆಗಲು ಹಿಡಿದುಕೊಂಡು ಈ.ಎಸ್.ಐ. ದವಾಖಾನೆಯ ಕಟ್ಟೆ ಹತ್ತಿದಳು.

ಡಾಕ್ಟರಬಾಯಿ ಸಣ್ಣ ವಯಸ್ಸಿನವಳು, ಧಾರವಾಡದ ಕಡೆಯವಳು. ಒಳಗೆ ಕರೆದುಕೊಂಡು ಹೋಗಿ ನೋಡಿ, ಕೈ ತೊಳೆದುಕೊಂಡು ಬಂದು ಎದುರಿಗೆ ಕೂತಳು.

"ಇಷ್ಟ ದಿನಾ ಯಾಕ ಬರಲಿಲ್ಲಜ್ಜಿ? ಕಾರ್ಡ ಇತ್ತಲ್ಲ?"

"ನನಗಿಂತಾ ಜಡ್ಡಿನವ್ರು ಇರ್ತಾರ, ಅವ್ರಿಗೆ ಸಾಲದ ಬಿದ್ದೀತಂತ ಬರಲಿಲ್ರಿ."

"ನೀವು ತಗೊಂಡ್ರ ಇನ್ನೊಬ್ರಿಗೆ ಕಡಿಮಿ ಆಗೂದಿಲ್ಲಜ್ಜಿ. ಯಾರ ಹೇಳಿದ್ರು ನಿಮಗ ಹಂಗ?" ಎಂದಳು ಡಾಕ್ಟರಬಾಯಿ. ಬಾಗಿಲ ಹೊರಗೆ ನಿಂತ ಅಮಾತೆಪ್ಪನಿಗೆ ಅದು ಕೇಳಿಸಿತು. ಅವನು ಚಪ್ಪಲಿ ಬಿಟ್ಟಲ್ಲೇ ಬಿಟ್ಟು ಬೀದಿಯತನಕ ನಡೆದು ಹೋಗಿ, ತಲೆ ಹಿಡಿದುಕೊಂಡು ಕಲ್ಲಿನ ಮೇಲೆ ಕೂತ.

ಹುಬ್ಬಳ್ಳಿಗೆ ರೈಲಿನಲ್ಲಿ ಹೋದರು. ಅಲ್ಲಿಯ ದೊಡ್ಡ ದವಾಖಾನೆಯಲ್ಲಿ ವಾರ ಇರಿಸಿಕೊಂಡು ಎಲ್ಲ ಬಗೆಯ ಪರೀಕ್ಷೆ ಮಾಡಿದರು. ಒಂದು ಬಿಡಿಗಾಸು ಕೇಳಲಿಲ್ಲ, ಹಾಸಿಗೆ ಕೊಟ್ಟರು, ಹಾಲು-ಬ್ರೆಡ್ಡು ಕೊಟ್ಟರು. ಪಕ್ಕದ ಹಾಸಿಗೆಯಲ್ಲಿ ಇಂಥದೇ ಜಡ್ಡಿನ ಹೆಂಗಸು ಇದ್ದಳು. ಬೇಗ ಬಂದಿದ್ದಳು, ಆಪರೇಶನ್ ಆಗಿ ಮನೆಗೆ ಹೋಗುವ ಗಡಿಬಿಡಿಯಲ್ಲಿದ್ದಳು. ಗುರುಲಿಂಗವ್ವನ ಗಂಟು ಗರ್ಭಕೋಶ ದಾಟಿ ಹಬ್ಬಿತ್ತು. ಶಿವರಾತ್ರಿಯ ಆಸುಪಾಸಿನಲ್ಲಿ ಬಂದಿದ್ದರೆ ಮಾತು ಬೇರೆ ಇತ್ತು, ಈಗ ಕೊಯ್ದು ಉಪಯೋಗವಿಲ್ಲ, ನೋವಿಗೆ ಗುಳಿಗೆ ಕೊಡುತ್ತೇವೆ ಎಂದು ದೊಡ್ಡ ಡಾಕ್ಟರು ಅಮಾತೆಪ್ಪನಿಗೆ ತಿಳಿಸಿ ಹೇಳಿದರು.

ತಿರುಗಿ ಬರುವಾಗ ರೈಲು ಬಾದಾಮಿಯಲ್ಲಿ ನಿಂತಿತು. ಪೇರಲ ಹಣ್ಣಿನವಳು ಕಿಟಕಿಗೆ ಬುಟ್ಟಿ ಹಿಡಿದಳು. ಗುರುಲಿಂಗವ್ವ ಹಣ್ಣು ಬೇಡವೆಂದು ಕೈಯಾಡಿಸಿ, "ಏನಂದ್ರು?" ಎಂದು ಕೇಳಿದಳು. ಮಗ ಆ ಕಡೆ ಗುಡ್ಡ ನೋಡುವವನಂತೆ ತಿರುಗಿಕೊಂಡ. ನೀಲಾಬಾಯಿ, "ಹೊತ್ತ ಮೀರೇತಂತ್ರಿ" ಎಂದಳು. ಗುರುಲಿಂಗವ್ವ ಹೌದೆಂಬಂತೆ ತಲೆಯಾಡಿಸಿದಳು.

ಸಂಕ್ರಮಣ ಕಳೆಯಿತು. ಅಣೆಕಟ್ಟಿನ ಹಿನ್ನೀರು ಘಟಪ್ರಭೆಯಲ್ಲಿ ಏರಿ ಊರು ಮುಳುಗುತ್ತದೆಂದು ಸರ್ವೇದವರು ಗೋಡೆಗಳಿಗೆ ಗುರುತು ಬಳಿದು ಹೋದರು. ಹೊಸ ಊರು ಎಲ್ಲಿ, ಜಾಗ ಯಾರಿಗೆ ಎಂದು ಪೇಟೆಯೆಲ್ಲ ಅದೇ ಗದ್ದಲ. ಅಡುಗೆಮನೆಯಲ್ಲಿ ಹಾಸಿಗೆ ಹಿಡಿದ ಗುರುಲಿಂಗವ್ವನಿಗೆ ಅದೊಂದೂ ಬೇಕಿರಲಿಲ್ಲ. ದವಾಖಾನೆಯ ಗುಳಿಗೆ ನೋವನ್ನು ಸ್ವಲ್ಪ ಹೊತ್ತು ತಡೆಯುತ್ತಿತ್ತು, ಆಮೇಲೆ ಮತ್ತೆ ಹಲ್ಲು ಕಚ್ಚಿಕೊಂಡು ಮಲಗುತ್ತಿದ್ದಳು. ಹುಲ್ಲಪ್ಪಜ್ಜ ಒಮ್ಮೆ ಬಂದು ನೋಡಿ, ಎಂದಿನ ತಮಾಷೆ ಮಾಡಲು ಬಾಯಿ ತೆರೆದವನು ಸುಮ್ಮನೆ ಎದ್ದು ಹೋದ. ಮುಷ್ಟಿ ಹಾಕಲು ಆಕೆಗೆ ಏಳಲಾಗುತ್ತಿರಲಿಲ್ಲ. ಹಾಕು ಎಂದು ಯಾರಿಗೂ ಹೇಳಲೂ ಇಲ್ಲ. ಹಾಸಿಗೆ ಹಿಡಿಯುವ ಮೊದಲು ಹಾಕಿದ ಕೊನೆಯ ಕೆಲವು ಹಿಡಿ ಜೋಳ ಗಡಿಗೆಯ ತಳದಲ್ಲಿ ಹಾಗೇ ಇತ್ತು. ಸಂಗಯ್ಯನವರು ಸೋಮವಾರ ಬಂದರೆ ಕೂತು ವಿಚಾರಿಸಿ ಹೋಗುತ್ತಿದ್ದರು, ಜೋಳಿಗೆ ತರುತ್ತಿರಲಿಲ್ಲ.

ರೊಟ್ಟಿ ನಿಂತು, ಹಾಲು ನಿಂತು, ಏನೂ ಇಳಿಯದಂತಾದ ಒಂದು ಮಧ್ಯಾಹ್ನ ಗುರುಲಿಂಗವ್ವ ಕಣ್ಣು ಮುಚ್ಚಿ ಮಲಗಿದ್ದಳು. ಮಣ್ಣಿನ ಮುಚ್ಚಳ ಸರಿದ ಸದ್ದು ಕೇಳಿಸಿತು. ಆ ಸದ್ದು ಆಕೆಗೆ ಗೊತ್ತಿಲ್ಲದ್ದೇ? ಕಣ್ಣು ತೆರೆದಳು. ಎಂಟು ವರ್ಷ ಗಡಿಗೆಯನ್ನು ಮುಟ್ಟದಿದ್ದ ನೀಲಾಬಾಯಿ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಮೊಣಕೈತನಕ ಕೈ ಇಳಿಸಿ, ತಳದಿಂದ ಒಂದು ಹಿಡಿ ಜೋಳ ತೆಗೆದಳು. ಮೊರದಲ್ಲಿ ಹಾಕಿ ಕೇರಿದಳು. ಬೀಸುಕಲ್ಲಿನ ಮುಂದೆ ಕೂತು ಬೀಸಿದಳು. ಒಂದು ಹಿಡಿ ಬೀಸಲು ಎಷ್ಟು ಹೊತ್ತು ಬೇಕು? ಕಲ್ಲು ನಾಲ್ಕು ಸುತ್ತು ತಿರುಗಿತೋ ಇಲ್ಲವೋ, ಮುಗಿಯಿತು. ಒಲೆಯ ಮೇಲೆ ಎಸರು ಮರಳುತ್ತಿತ್ತು. ಹಿಟ್ಟನ್ನು ನೀರಲ್ಲಿ ಕಲಸಿ ಸುರುವಿ, ಗಂಟಾಗದಂತೆ ತಿರುವಿದಳು. ಗುರುಲಿಂಗವ್ವ ಮಲಗಿದಲ್ಲಿಂದಲೇ ಎಲ್ಲ ನೋಡುತ್ತಿದ್ದಳು, ತಡೆಯಲಿಲ್ಲ.

ನೀಲಾಬಾಯಿ ಬಟ್ಟಲು ತಂದು ಅತ್ತೆಯ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಅಂಬಲಿಯನ್ನು ಊದಿ ಆರಿಸಿ ಒಂದು ಚಮಚ ತುಟಿಗೆ ಹಿಡಿದಳು.

"ಗಡಿಗ್ಯಾಂದು?"

"ಹೌದ್ರಿ."

ಗುರುಲಿಂಗವ್ವ ಬಾಯಿ ತೆರೆದಳು. ತೆಳ್ಳನೆಯ ಉಪ್ಪುಪ್ಪು ಅಂಬಲಿ ಗಂಟಲಲ್ಲಿ ಇಳಿಯಿತು. ಹಾಲು ಕೂಡ ಇಳಿಯದ ಗಂಟಲಲ್ಲಿ ಇದು ಇಳಿಯಿತು. ಇನ್ನೊಂದು ಚಮಚ, ಮತ್ತೊಂದು. ಬಟ್ಟಲು ಅರ್ಧವಾದಾಗ ಆಕೆ ಸೊಸೆಯ ಕೈಯನ್ನು ತಡೆದು, ಒಲೆಯ ಕಡೆ, ಬೀಸುಕಲ್ಲಿನ ಕಡೆ, ಮುಚ್ಚಳ ಸರಿದ ಗಡಿಗೆಯ ಕಡೆ ನೋಡಿದಳು. ಎಲ್ಲ ಮಾರು ದೂರದಲ್ಲೇ ಇದ್ದವು. ಆಗ ಆಕೆಯ ಕಣ್ಣಲ್ಲಿ ನೀರು ಬಂತು, ಸಂಗಿ ಹೋದಮೇಲೆ ಮೊದಲ ಸಲ.

"ಇಷ್ಟ ಬೇಕಾಗಿತ್ತಲ್ಲ ಆಕಿಗೆ?" ಎಂದಳು.

"ಇಷ್ಟ ಬೇಕಾಗಿತ್ರಿ" ಎಂದಳು ನೀಲಾಬಾಯಿ. ಬಟ್ಟಲಿನಲ್ಲಿ ಉಳಿದದ್ದನ್ನು ಚಮಚದಿಂದ ಒಟ್ಟುಮಾಡಿ ಅತ್ತೆಯ ಬಾಯಿಗೆ ಹಿಡಿದಳು.